ಬಾಯಿಲ್ಲದ ವ್ಯಾನ್

"ಇಳಿಯೋ ಕೆಳಗೆ!"

ವ್ಯಾನಿನ ಬಾಗಿಲಿಗೆ ನೇತಾಡುತ್ತಿದ್ದ ದಾಂಡಿಗ ಕಿರುಚಿದ. ಇನ್ನೊಂದು ಕೈಯಲ್ಲಿ ರಾಡ್.

ರಾಡ್ ಬೀಸಿದ... ಕನ್ನಡಿ ಪುಡಿಪುಡಿ! ತಿರುವಿನಲ್ಲಿ ಸ್ಟೇರಿಂಗ್ ಎಳೆದೆ. ಆಸಾಮಿ ಮರಳಿನ ಗುಡ್ಡೆ ಮೇಲೆ ಬಿದ್ದ. ಬದುಕಿದ್ದ. ಬೈಗುಳ ಕೇಳಿಸುತ್ತಿತ್ತು.

ಹೌದು, ಕದ್ದ ವ್ಯಾನೇ. ಯಾಕೆ ಅಂತ ಕೇಳಿ.

ನನ್ನ ಅಕ್ಕ ಕ್ರೇನ್ ಆಪರೇಟರ್. ಹೋದ ವರ್ಷ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದಳು. ಗುಣವಾದಳು. ಬಿಲ್ ಬಾಕಿ ಉಳಿಯಿತು. ಆಸ್ಪತ್ರೆ ಅದನ್ನು ವಸೂಲಿ ಏಜೆನ್ಸಿಗೆ ಒಪ್ಪಿಸಿತು.

ಅವರು ಬೈಯಲಿಲ್ಲ. ಫೋನೂ ಮಾಡಲಿಲ್ಲ. ಅವಳ ಕೆಲಸದ ಗೇಟಿನ ಮುಂದೆ ಈ ವ್ಯಾನ್ ನಿಲ್ಲಿಸಿದರು. ಮೈಮೇಲೆ ಮೊಳದುದ್ದದ ಅಕ್ಷರ: 'ಮನೋರೋಗ ವಿಭಾಗ, ಬಾಕಿ ವಸೂಲಿ.' ಅಕ್ಕ ಹೊರಬಂದರೆ ಸಾಕು, ಪಕ್ಕದಲ್ಲೇ ತೆವಳುತ್ತಾ ಬರುವುದು.

ವಾರ ಕಳೆಯುವಷ್ಟರಲ್ಲಿ ಮ್ಯಾನೇಜರ್ ಅವಳನ್ನು ಕ್ರೇನಿನಿಂದ ಇಳಿಸಿದ.

ಊರಿನವರ ತೊಡಕು ಬಿಡಿಸುವುದು ನನ್ನ ಕಸುಬು. ಸ್ವಂತ ಅಕ್ಕನಿಗಾಗಿ ಠಾಣೆಗೆ ಹೋದೆ.

"ನಿನ್ನಕ್ಕನ ಹೆಸ್ರು ಹೇಳಿದ್ರಾ ಅವ್ರು?" ಇನ್ಸ್‌ಪೆಕ್ಟರ್ ಕೇಳಿದ.

"ಇಲ್ಲ."

"ಮೈ ಮುಟ್ಟಿದ್ರಾ?"

"ಇಲ್ಲ ಸಾರ್. ಆದ್ರೆ ರೋಗಿಯ ಕಾಯಿಲೆ ಗುಟ್ಟಾಗಿರ್ಬೇಕು ಅಂತ ಕಾನೂನು..."

"ಬಾಯೇ ಬಿಟ್ಟಿಲ್ವಲ್ಲಯ್ಯ ಅವ್ರು! ಸಾರ್ವಜನಿಕ ರಸ್ತೆ. ವ್ಯಾನ್ ನಿಲ್ಲುತ್ತೆ, ಬಿಡು."

ಆಸ್ಪತ್ರೆಯಲ್ಲಿ ಏಜೆನ್ಸಿಯನ್ನು ಕೇಳಿ ಎಂದರು. ಏಜೆನ್ಸಿಯಲ್ಲಿ ಆಸ್ಪತ್ರೆಯನ್ನು ಕೇಳಿ ಎಂದರು. ಚಪ್ಪಲಿ ಸವೆಯಿತು. ತಲೆ ಸಿಡಿಯಿತು.

ಇವತ್ತು ದಾಂಡಿಗ ಕೀ ವ್ಯಾನಿನಲ್ಲೇ ಬಿಟ್ಟು ಸಿಗರೇಟಿಗೆ ಇಳಿದ.

ನಾನು ಹತ್ತಿದೆ!

ಏಜೆನ್ಸಿ ಮಾಲೀಕನ ಮನೆಯೆದುರು ಬ್ರೇಕ್ ಹಾಕಿದೆ. ಪಕ್ಕದ ಮನೆಯಾಕೆ ಅಕ್ಷರ ಓದಿ ಹತ್ತಿರ ಬಂದಳು.

"ಯಾರಿಗಪ್ಪಾ? ಅವ್ರ ಹೆಂಡ್ತಿಗಾ?"

ನಾನು ಬಾಯಿ ಬಿಡಲಿಲ್ಲ.

ಮಾಲೀಕ ಬನಿಯನ್ನಿನಲ್ಲೇ ಓಡಿಬಂದ. "ತೆಗಿಯೋ ಇದನ್ನ! ಅಕ್ಕಪಕ್ಕದೋರು ಏನಂದ್ಕೋತಾರೆ?"

"ಮೊದ್ಲು ಅಕ್ಕನ ಮ್ಯಾನೇಜರ್‌ಗೆ ಫೋನ್ ಮಾಡಿ. ವ್ಯಾನ್ ತಪ್ಪಿ ಬಂದಿತ್ತು ಅನ್ನಿ. ಸ್ಪೀಕರ್ ಹಾಕಿ."

ಬೆವರುತ್ತಾ ಹೇಳಿದ. ಒಪ್ಪವಾಗಿಯೇ ಹೇಳಿದ.

"ಓ, ಹೌದಾ? ಪಾಪ..." ಎಂದ ಮ್ಯಾನೇಜರ್. "ಆದ್ರೆ ಆ ಕ್ರೇನಿಗೆ ನಮ್ಮ ಭಾಮೈದನ್ನ ಕೂರಿಸಿ ಆಯ್ತಲ್ಲ."

ಲೈನ್ ಕಟ್ಟಾಯಿತು.

ಇಷ್ಟೆಲ್ಲ ಮಾಡಿಯೂ ಅಕ್ಕ ನೆಲದ ಮೇಲೆಯೇ ಉಳಿದಳು.

"ಹೇಳಿದ್ನಲ್ಲೋ! ಕೀ ಕೊಡು!" ಮಾಲೀಕ ಕೈಚಾಚಿದ. ಹಿಂದೆ ಇನ್ನೂ ನಾಲ್ಕು ಕಿಟಕಿ ತೆರೆದವು.

ಕೀಯನ್ನು ಚರಂಡಿಗೆ ಎಸೆದೆ.

"ಸಾರ್ವಜನಿಕ ರಸ್ತೆ ಸಾರ್... ವ್ಯಾನ್ ನಿಲ್ಲುತ್ತೆ, ಬಿಡಿ."