ಒಂದೇ ಸಾಲನ್ನು ಇಬ್ಬರೂ ತಿದ್ದಿದಾಗ

ಜೂನ್ 7, ಸೋಮವಾರ, ಬೆಳಿಗ್ಗೆ 9.10. ಔಲು ನಗರದ ಪೊಲೀಸ್ ಠಾಣೆಗೆ ಬಂದ ಸಂಶೋಧಕಿ ಐಲಾ ಕರ್ಪಿನೆನ್ ದೂರು ಬರೆದುಕೊಟ್ಟಳು. ಕೆರೆಗಳ ಮಂಜುಗಡ್ಡೆಯ ಆರು ವರ್ಷಗಳ ಅಳತೆ, ಬರಹ ಎಲ್ಲವನ್ನೂ ಯಾರೋ ಸರ್ವರಿನಿಂದ ಅಳಿಸಿದ್ದರು. ಪ್ರಬಂಧ ಒಪ್ಪಿಸಲು ಉಳಿದಿದ್ದು ನಾಲ್ಕೇ ದಿನ. ಅವಳ ಲ್ಯಾಪ್‌ಟಾಪ್ ಹಿಂದಿನ ವಾರವಷ್ಟೇ ಕಾಫಿ ಕುಡಿದು ಸತ್ತಿತ್ತು.

ಇನ್‌ಸ್ಪೆಕ್ಟರ್ ರೈಯಾ ಎಫ್‌ಐಆರ್ ದಾಖಲಿಸಿದಳು.

"ಈ ಕಡತಗಳನ್ನ ಮುಟ್ಟೋರು ಯಾರ್ಯಾರು?"

"ನಾನು, ನನ್ನ ಜೊತೆ ಸಂಶೋಧನೆ ಮಾಡೋ ಕುವೋಪಿಯೋ ಊರಿನ ಯಾರ್ಮೊ, ಇಬ್ಬರೇ. ಅವನು ಅಂಥವನಲ್ಲ ಮೇಡಂ."

11.30ಕ್ಕೆ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಅಳಿಸಿದವರ ದಾಖಲೆ ಸಿಕ್ಕಿತು. ಶನಿವಾರ ಮಧ್ಯಾಹ್ನ 2.05, ಯಾರ್ಮೊ ತೀಹೋನೆನ್.

"ಅಯ್ಯೋ, ಕಳ್ಳ ಹೆಸರು ಬರೆದಿಟ್ಟೇ ಹೋಗಿದ್ದಾನಲ್ಲ!" ಎಂದು ಕಾನ್‌ಸ್ಟೇಬಲ್ ಪೆಂಟ್ಟಿ ನಕ್ಕ.

ರೈಯಾಗೆ ಸಮಾಧಾನವಾಗಲಿಲ್ಲ. ಬರಹ ಹೋಗಿದ್ದರೂ ಯಾರು, ಯಾವಾಗ, ಎಲ್ಲಿ ತಿದ್ದಿದರೆಂಬ ಪಟ್ಟಿ ಸರ್ವರಿನಲ್ಲಿ ಉಳಿದಿತ್ತು. ನಲವತ್ತೊಂದು ಸಲ ಇಬ್ಬರೂ ಒಂದೇ ಸಾಲಿಗೆ ಕೈ ಹಾಕಿದ್ದರು. ಹಾಗಾದಾಗ ತಂತ್ರಾಂಶ ಮುಂದುವರಿಯುವುದಿಲ್ಲ, ಯಾವುದು ಸರಿಯೆಂದು ನೀವೇ ತೀರ್ಮಾನಿಸಿ ಎನ್ನುತ್ತದೆ. ಪ್ರತಿ ಸಲವೂ ಮೊದಲು ಐಲಾ ತಿದ್ದಿದ್ದಳು, ಆಮೇಲೆ ಯಾರ್ಮೊ.

ರೈಯಾ ಐಲಾಗೆ ಫೋನ್ ಮಾಡಿದಳು. "ಆಗೆಲ್ಲ ಏನ್ ಮಾಡ್ತಿದ್ರಿ?"

"ನಾನೇ ಅವನಿಗೆ ಫೋನ್ ಮಾಡ್ತಿದ್ದೆ. ಐದು ನಿಮಿಷದ ಕೆಲಸ, ಒಂದು ಗಂಟೆ ಹರಟೆ. ಮಾರ್ಚಿನಲ್ಲಿ ಅಧ್ಯಾಯ ಹಂಚ್ಕೊಂಡ್ವಿ. ಆಮೇಲೆ ಆ ತಾಪತ್ರಯಾನೇ ಇಲ್ಲ."

"ಫೋನು?"

"ಕೆಲಸ ಇಲ್ದೆ ಯಾಕೆ ಮಾಡ್ಲಿ?"

ರೈಯಾ ಕೂಡ ತನ್ನ ತಂಗಿಗೆ ಫೋನ್ ಮಾಡಿ ವರ್ಷವಾಗಿತ್ತು. ಆಸೆಯೇನೋ ಇತ್ತು, ಕಾರಣ ಸಿಕ್ಕಿರಲಿಲ್ಲ.

ಸಂಜೆ 5.20, ಕುವೋಪಿಯೋ. ಬಾಗಿಲು ತೆರೆದ ಯಾರ್ಮೊನ ಕೈಯಲ್ಲಿ ಫೋನಿತ್ತು. ಪಂಚನಾಮೆ ಬರೆಯುವಾಗ ಅವನ ಲ್ಯಾಪ್‌ಟಾಪಿನಲ್ಲಿ ಆರು ವರ್ಷಗಳ ಕೆಲಸದ ಪೂರ್ತಿ ಪ್ರತಿ ಸಿಕ್ಕಿತು. ಒಂದಕ್ಷರವೂ ಕಳೆದಿರಲಿಲ್ಲ.

"ಮತ್ಯಾಕ್ರೀ ಅಳಿಸಿದ್ರಿ?"

"ಅವಳ ಲ್ಯಾಪ್‌ಟಾಪ್ ಹೋಗಿತ್ತು. ಸರ್ವರಿನಲ್ಲೂ ಇಲ್ದಿದ್ರೆ ನನ್ನ ಹತ್ರಾನೇ ಕೇಳ್ಬೇಕಲ್ಲ ಅಂತ... ಕೇಳಿದ ತಕ್ಷಣ ಕೊಡ್ತಿದ್ದೆ. ಎರಡು ದಿನದಿಂದ ಕಾಯ್ತಾ ಇದ್ದೀನಿ."

"ಆ ಹಳೇ ನಲವತ್ತೊಂದು ಸಲಾನೂ ಫೋನ್ ಬರ್ಲಿ ಅಂತಾನೇ ತಿದ್ದಿದ್ರಾ?"

ಅವನು ತಲೆ ತಗ್ಗಿಸಿದ.

"ನೀವೇ ಒಂದು ಫೋನ್ ಮಾಡೋಕೇನಾಗಿತ್ತು?"

"ಮಾಡಿ ಏನನ್ಲಿ ಮೇಡಂ?"

5.50ಕ್ಕೆ ಬಂಧನ ದಾಖಲಾಯಿತು. ಜೀಪು ಹತ್ತುವಾಗ ಯಾರ್ಮೊ ನಿಂತ. "ಠಾಣೆ ತನಕ ಹೋಗೋ ಬದಲು ನನ್ನನ್ನೇ ಒಂದು ಮಾತು ಕೇಳ್ಬಹುದಿತ್ತಲ್ವಾ ಅವಳು?"

ಐಲಾಳ ಹೇಳಿಕೆಯ ಕೊನೆಯಲ್ಲಿ ಅದಕ್ಕೆ ಉತ್ತರವಿತ್ತು. ಮುಚ್ಚಿಡುವುದು ರೈಯಾಗೆ ಸರಿ ಕಾಣಲಿಲ್ಲ.

"ನೀವು ರಜೆಯಲ್ಲಿದ್ದೀರಂತೆ. ಪಾಪ, ತೊಂದರೆ ಕೊಡೋದು ಬೇಡ ಅಂದ್ಕೊಂಡ್ರಂತೆ."

ಯಾರ್ಮೊ ಫೋನನ್ನು ಆರಿಸಿ, ತಾನೇ ಮುಟ್ಟುಗೋಲಿನ ಚೀಲಕ್ಕೆ ಹಾಕಿದ.