ಗಂಡು ಸಾಲಿನ ಬೀಜ

ರಾಣೇಬೆನ್ನೂರಿನಲ್ಲಿ ಯಾರ ಮನೆಯಲ್ಲಿ ಏನು ಕಳುವಾದರೂ ಮಂದಿ ಕೇಳಿಕೊಂಡು ಬರುತ್ತಿದ್ದುದು ಜಾನಕೀಬಾಯಿಯನ್ನೇ. ಬಂದವರಿಗೆ ಚಹಾ ಕಾಸುವವಳು ಮಾತ್ರ ಮೈದುನನ ಹೆಂಡತಿ, ನೆಗೆಣ್ಣಿ ಮಥುರಾಬಾಯಿ. "ಹೊಗಳಿಕಿ ಆಕೀಗೆ, ಹೊಗಿ ನನಗ" ಎಂದು ಅವಳು ಒಲೆಯ ಮುಂದೆ ಗೊಣಗದ ದಿನವಿರಲಿಲ್ಲ.

ತೊಂಬತ್ತೊಂದರ ಬೇಸಿಗೆಯ ಒಂದು ಮಧ್ಯಾಹ್ನ ಬೀಜದ ಕಂಪನಿಯ ಮಾಲೀಕ ನಾಗರಾಜ ಬಂದ. ಜೊತೆಗೆ ಹಳೆಯ ಮ್ಯಾನೇಜರ್ ಅಣ್ಣಾಜಿ, ಮತ್ತು ಹೊಸ ತಳಿ ಮಾಡಲೆಂದು ಈಚೆಗೆ ಸೇರಿದ್ದ ಹನೀಫ್. ಹನೀಫ್ ಅಳುತ್ತ, ಅಂಗೈಯಿಂದಲೇ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಬಾಯಾರ, ನಮ್ಮ ಹೊಸಾ ಮೆಣಸಿನಕಾಯಿ ತಳಿ ಗುಟ್ಟೆಲ್ಲಾ ಗಂಡು ಸಾಲಿನ ಬೀಜದಾಗ, ಅಂದ್ರ ಪರಾಗ ಕೊಡೂ ಗಿಡದ ಬೀಜದಾಗ ಅದ," ಎಂದ ನಾಗರಾಜ. "ಆ ಬೀಜ ಇವತ್ತ ಮುಂಜಾನೆ ಇಂವನ ಬುತ್ತಿ ಡಬ್ಬಿ ತಳದಾಗ ಸಿಕ್ಕಾವ! ಥೇಟ್ ಮೊನ್ನೆ ಕಂಪನಿ ಮಂದಿ ಎಲ್ಲಾ ಹಾವೇರಿ ಟಾಕೀಸಿನಾಗ ನೋಡಿದ ಸಿನೆಮಾ. ಅದರಾಗೂ ಹೊಸಬನಽ ಡಬ್ಬ್ಯಾಗ ಗುಟ್ಟು ಸಾಗಸ್ತಾನ. ಪೊಲೀಸರ ಕಡೆ ಹೋಗೂಕಿಂತ ಮೊದಲ ನಿಮ್ಮನ್ನ ಕೇಳೋಣಂತ ಬಂದೆ."

"ಅಲ್ಲಾನಾಣಿ, ನಾ ಇಟ್ಟಿಲ್ರಿ," ಎಂದ ಹನೀಫ್. "ಆ ಕಾಯಿ ನೋಡಾಕ ಖಾರ ಇಲ್ಲದ ಬ್ಯಾಡಗಿ ಕಾಯಿ ಹಂಗ ಸುಕ್ಕು, ಒಳಗ ಬರೇ ಬೆಂಕಿ. ಕೈಗವಸು ಇಲ್ಲದ ನಾ ಮುಟ್ಟೂದಽ ಇಲ್ಲ. ಕಳ್ಳ ಅನ್ನಿಸಿಕೊಂಡ್ರ ಮುಂದ ಯಾರು ಕೆಲಸಾ ಕೊಡ್ತಾರ್ರೀ ನನಗ?"

ಅಣ್ಣಾಜಿ ನಿಟ್ಟುಸಿರು ಬಿಟ್ಟ. "ನಾ ಬ್ಯಾಡಗ್ಯಾಗ ಹುಟ್ಟಿದಂವ. ಆದ್ರ ಕಚೇರಿ ಗದ್ದಲದಾಗ ವಾರದಿಂದ ಒಂದು ಕಾಯಿನೂ ಮುಟ್ಟಿಲ್ರಿ. ಇಲ್ಲಂದ್ರ ಇಂವನ ಮ್ಯಾಲೆ ಕಣ್ಣಿಡತಿದ್ದೆ."

"ಮೊದಲ ಊಟಾ ಮಾಡ್ರಿ," ಎಂದಳು ಜಾನಕೀಬಾಯಿ.

ಮಥುರಾಬಾಯಿ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಅಣ್ಣಾಜಿ ರೊಟ್ಟಿ ಮುಟ್ಟಲೇ ಇಲ್ಲ. ತಣ್ಣನೆಯ ಮಜ್ಜಿಗೆ ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಕೂತ. ಅನ್ನ ಉಣ್ಣಲು ಚಮಚ ಕೇಳಿದ. ಮಥುರಾಬಾಯಿಗೆ ಸಿಟ್ಟು ನೆತ್ತಿಗೇರಿತು.

"ನನ್ನ ರೊಟ್ಟಿ ಆ ದೊಡ್ಡ ಮನಷ್ಯಾಗ ಸೇರಲಿಲ್ಲ. ಚಮಚಾ ಬೇಕಂತ, ಚಮಚಾ!" ಎಂದು ಅಡುಗೆಮನೆಯಲ್ಲಿ ಸಿಡುಕಿದಳು. ಕೇಳಿದ ಜಾನಕೀಬಾಯಿ ಸೀದಾ ಪಡಸಾಲೆಗೆ ನಡೆದಳು.

"ಅಣ್ಣಾಜಿಯವರ, ಹನೀಫನ ಹಂಗ ನೀವೂ ಒಮ್ಮೆ ಕೈಲೆ ಕಣ್ಣು ಒರಸಿಕೊಳ್ರಿ, ನೋಡೋಣು."

ಅಣ್ಣಾಜಿಯ ಕೈ ಮೇಲೇಳಲಿಲ್ಲ.

"ಕೈ ಉರೀತಾವ, ಹೌದಲ್ಲೋ? ಸುಕ್ಕು ಕಂಡು ನಮ್ಮೂರ ಕಾಯಿನಽ ಅಂತ ನಂಬಿ, ಬರಿಗೈಲೆ ಸೀಳಿ ಬೀಜಾ ತಗದ್ರಿ. ಅದಕ್ಕಽ ಬಿಸಿ ರೊಟ್ಟಿ ಮುರೀಲಿಕ್ಕೆ ಆಗಲಿಲ್ಲ. ವಾರದಿಂದ ಮುಟ್ಟಿಲ್ಲ ಅಂದದ್ದು ಸುಳ್ಳು. ಇನ್ನ, ಆ ಸಿನೆಮಾ ನೋಡಿದವರು ಮೊದಲ ಹುಡುಕೂದು ಡಬ್ಬಿನಽ. ಖರೇ ಕಳ್ಳ ಅಲ್ಲಿ ಇಡ್ತಾನೇನು? ಸಿಗಲಿ ಅಂತನಽ ಇಟ್ಟಿದ್ದು, ಹನೀಫ್ ಸಿಕ್ಕಿಬೀಳಲಿ ಅಂತ."

ನಾಗರಾಜ ದಡಬಡಿಸಿ ಎದ್ದ. "ಯಾವ ಕಂಪನಿಗೆ ಮಾರಿಕೊಂಡ್ಯೋ ಅಣ್ಣಾಜಿ?"

"ಯಾವ ಕಂಪನೀನೂ ಇಲ್ರಿ," ಎಂದ ಅಣ್ಣಾಜಿ, ತಲೆ ಎತ್ತದೆ. "ಇಂವ ಬಂದ ಮ್ಯಾಲೆ ನೀವು ಒಮ್ಮೆರೆ 'ಅಣ್ಣಾಜಿ, ಏನು ಮಾಡೋಣು' ಅಂತ ಕೇಳೀರೇನು? ಕೈಗಿಂತ ಹೊಟ್ಟಿ ಹೆಚ್ಚು ಉರೀತಿತ್ರಿ."

ನಾಗರಾಜ ಹನೀಫನಿಗೆ ಕೈಮುಗಿದ. ಆಮೇಲೆ ಜಾನಕೀಬಾಯಿಯತ್ತ ತಿರುಗಿ, "ನಿಮ್ಮಂಥ ಬುದ್ಧಿ ಈ ತಾಲೂಕಿನಾಗ ಯಾರಿಗೂ ಇಲ್ರಿ ಬಾಯಾರ!" ಎಂದ.

ಬಾಗಿಲಲ್ಲಿ ನಿಂತಿದ್ದ ಮಥುರಾಬಾಯಿಯ ಹೊಟ್ಟೆಯಲ್ಲಿ ಎಂದಿನಂತೆ ಕಿಚ್ಚು ಎದ್ದಿತು. ಆದರೆ ಅಣ್ಣಾಜಿಯ ಬಾಗಿದ ಕುತ್ತಿಗೆ ಕಂಡು ಈ ಸಲ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

"ಅಕ್ಕಾ," ಎಂದಳು ಎಲ್ಲರೆದುರೇ, "ನನಗೂ ನಿನ್ನ ಮ್ಯಾಲೆ ಹೊಟ್ಟಿಕಿಚ್ಚದ. ಒಳಗಿಟ್ಟುಕೊಂಡು ಹಿಂಗಾಗೂದು ಬ್ಯಾಡಂತ ಹೇಳಿಬಿಟ್ಟೆ."

ಜಾನಕೀಬಾಯಿ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ ನಮ್ಮವ್ವಾ! ಯಾವಾಗಿಂದ?"

"ಈ ಮನಿ ಹೊಸ್ತಿಲಾ ತುಳದ ದಿನದಿಂದ."