ನೆಲಗಪ್ಪೆಯ ಚರ್ಮ ಹೊತ್ತವನು

ಪ್ರಾಣಿಗಳ ಮಾತು ಮನುಷ್ಯರಿಗೆ ತಿಳಿಯುತ್ತಿದ್ದ ಕಾಲದಲ್ಲಿ ಮಣಿಗಲ್ಲು ಎಂಬ ರಾಜ್ಯವಿತ್ತು. ಅಲ್ಲಿನ ಅರಸನ ಮಗಳು ಚಂದಲೆಯ ಎದೆಬಡಿತವನ್ನು ಬಿರಡನೆಂಬ ಮಾಂತ್ರಿಕ ದಿನವೂ ಒಂದಿಷ್ಟು ಕದ್ದು ತನ್ನ ಆಯುಸ್ಸಿಗೆ ಸೇರಿಸಿಕೊಳ್ಳುತ್ತಿದ್ದ. ಹುಡುಗಿ ಬಾಡುತ್ತಾ ಬಂದಳು. ಅದಕ್ಕೆ ಮದ್ದು ಒಂದೇ, ನೆಲಗಪ್ಪೆಯ ಹಾಲು.

ಆ ಹಾಲು ತೆಗೆಯುವವಳು ಸಂಕವ್ವ. ಕಪ್ಪೆಯ ಕಣ್ಣ ಹಿಂದಿನ ಗಂಟನ್ನು ಚಿಪ್ಪಿನಿಂದ ಮೆಲ್ಲಗೆ ಒತ್ತಿದರೆ ಬೆಳ್ಳನೆಯ ತೊಟ್ಟು ಬರುತ್ತದೆ. ಅದನ್ನು ಒಣಗಿಸಿ ಎಳ್ಳಿನಷ್ಟು ಕೊಟ್ಟರೆ ಸೋತ ಎದೆ ಏಳುತ್ತದೆ, ಹೆಚ್ಚಾದರೆ ನಿಂತೇಹೋಗುತ್ತದೆ. ಕಬ್ಬಿಣ ತಾಕಿದರೆ ಹಾಲು ಕರ್ರಗಾಗಿ ಕೆಡುತ್ತದೆ. ಹಾಲು ತೆಗೆದ ಮೇಲೆ ಕಪ್ಪೆಯ ಮೈ ತೊಳೆದು ಬಿಟ್ಟುಬಿಡಬೇಕು. ಆ ಮನೆತನದ ಪದ್ಧತಿ ಅದು.

ಸಂಕವ್ವನ ಮಗ ಮಾಳಿಂಗನಿಗೆ ಅವಸರ ಹೆಚ್ಚು. ಅವ್ವ ಮನೆಯಲ್ಲಿಲ್ಲದಾಗ ಬಿರಡ ಬೇರು ಮಾರುವವನ ವೇಷದಲ್ಲಿ ಬಂದ.

"ಏನಪ್ಪಾ, ಕಪ್ಪೆಯ ಕೆನ್ನೆ ಸವರುತ್ತಾ ಕೂತಿದ್ದೀಯ! ಮದುವೆಗೆ ಒಪ್ಪಿಸುತ್ತಿದ್ದೀಯೇನು?"

"ಹಾಲು ಬರಬೇಕಲ್ಲ."

"ತೊಟ್ಟು ತೊಟ್ಟು ಹಿಂಡುವಷ್ಟರಲ್ಲಿ ರಾಜಕುಮಾರಿಯ ತಿಥಿ ಆಗಿರುತ್ತದೆ. ಚರ್ಮವನ್ನೇ ಸುಲಿ, ಹಾಲೆಲ್ಲ ಒಮ್ಮೆಗೇ ಸಿಗುತ್ತದೆ. ಊರು ನಿನ್ನನ್ನು ಹೊತ್ತು ಮೆರೆಸುತ್ತದೆ."

ಅವನು ಕೈಗಿಟ್ಟ ಕಬ್ಬಿಣದ ಚೂರಿಯಿಂದ ಮಾಳಿಂಗ ಒಂದು ಮುದಿ ಕಪ್ಪೆಯನ್ನು ಸುಲಿದ. ಕರೆಯದೆಯೇ ಬಂದು ಅವ್ವನ ಮಡಿಲಲ್ಲಿ ಕೂರುತ್ತಿದ್ದ ಕಪ್ಪೆ ಅದು. ಹಾಲು ಕರ್ರಗಾಯಿತು. ಕೆಟ್ಟದ್ದು ಗೊತ್ತಾಗದಂತೆ ಮಾಳಿಂಗ ಅದಕ್ಕೆ ಬೆಲ್ಲ ಕಲಸಿ ಅರಮನೆಗೆ ಕಳಿಸಿದ. ಚಂದಲೆ ನೆಕ್ಕಿದವಳೇ ಎಚ್ಚರ ತಪ್ಪಿ ಬಿದ್ದಳು.

ಅರಸ ತಾನೇ ಬಂದು ಬಾಗಿಲಲ್ಲಿ ನಿಂತ. "ಈ ಮದ್ದು ಮಾಡಿದವರು ಯಾರು?"

ಅಷ್ಟರಲ್ಲಿ ಮನೆಗೆ ಬಂದಿದ್ದ ಸಂಕವ್ವ ಅರಸನ ಕೈಯಲ್ಲಿದ್ದ ಮದ್ದನ್ನು ನೋಡಿದಳು. ಮಗನನ್ನು ನೋಡಿದಳು. ಮಾಳಿಂಗ ನೆಲ ನೋಡಿದ.

"ನಾನೇ, ದೊರೆ" ಎಂದಳು.

"ಮಗಳು ಸತ್ತರೆ ನಿನಗೂ ಸಾವೇ" ಎಂದು ಅರಸ ಅವಳನ್ನು ಸೆರೆಗೆ ಒಯ್ದ. ಮಾಳಿಂಗ ಬಾಯಿ ತೆರೆಯಲಿಲ್ಲ.

ಆಗ ಒಣಹಾಕಿದ್ದ ಚರ್ಮ ಹಗ್ಗದಿಂದ ಹಾರಿ ಅವನ ಬೆನ್ನಿಗೆ ಅಂಟಿಕೊಂಡಿತು. ಕಿತ್ತರೆ ಬರಲಿಲ್ಲ. ರಾಜ್ಯದ ಕಪ್ಪೆಗಳೆಲ್ಲ ಜೌಗಿನ ಆಚೆಗೆ, ತಮ್ಮ ರಾಣಿಯ ಬಳಿಗೆ ಹೊರಟುಹೋದವು. ಮಾಳಿಂಗ ಕಂಬಳಿ ಹೊದ್ದು ಅವುಗಳ ಹಿಂದೆ ನಡೆದ.

ಜೌಗಿನ ಬಾಯಲ್ಲಿ ಬಕಪಕ್ಷಿ ಅಡ್ಡ ನಿಂತಿತು. "ಕಂಬಳಿಯೊಳಗೆ ಏನು?"

"ಹುಣ್ಣು."

"ಹೋಗು" ಎಂದಿತು ಬಕ. ಚರ್ಮ ತೋಳಿಗೆ ಹರಡಿತು.

ಜೌಗಿನ ಆಚೆಯ ಗವಿಯ ಬಾಯಲ್ಲಿ ಉಡ ಅಡ್ಡ ಮಲಗಿತ್ತು. "ಕಂಬಳಿಯೊಳಗೆ ಏನು?"

"ನಮ್ಮವ್ವ ಏನೋ ಹಚ್ಚಿದಳು. ಹೀಗಾಯಿತು."

"ಪಾಪ, ಅವ್ವಂದಿರೇ ಹಾಗೆ. ಹೋಗು" ಎಂದು ಉಡ ನಕ್ಕಿತು. ಚರ್ಮ ಮುಖಕ್ಕೆ ಏರಿತು. ಕಿವಿಯ ಹಿಂದೆ ಎರಡು ಗಂಟು ಎದ್ದವು.

ಗವಿಯ ಕೊಳದಲ್ಲಿ ಕಪ್ಪೆಗಳ ರಾಣಿ ಕೂತಿದ್ದಳು. "ಕಂಬಳಿಯೊಳಗೆ ಏನು?"

ಮಾಳಿಂಗ ಇನ್ನೊಂದು ಸುಳ್ಳಿಗೆ ಬಾಯಿ ತೆರೆದ. ವಟಗುಟ್ಟುವ ಸದ್ದಷ್ಟೇ ಬಂತು. ಅವನು ಕಂಬಳಿ ಕೆಳಗೆ ಹಾಕಿದ. ಆಗ ಮಾತು ಬಂತು.

"ನಿಮ್ಮವಳ ಚರ್ಮ. ನಾನು ಸುಲಿದೆ. ಅವ್ವ ಅಲ್ಲ."

"ಅವ್ವ ಎಲ್ಲಿ?"

"ಸೆರೆಯಲ್ಲಿ."

"ಮತ್ತೆ ಇಲ್ಲಿ ಬಂದು ಯಾಕೆ ಹೇಳುತ್ತಿದ್ದೀಯೋ? ಕೇಳಬೇಕಾದವರು ಅಲ್ಲಿದ್ದಾರೆ. ಹಾಲು ನಿನ್ನ ಮೈಯಲ್ಲೇ ಇದೆ. ನಡೆ."

ಮಾಳಿಂಗ ಹಾಡುಹಗಲಲ್ಲಿ, ಕಂಬಳಿಯಿಲ್ಲದೆ, ಪೇಟೆಯ ನಡುವೆ ನಡೆದ. "ಅಗೋ, ಮದುಮಗ ಬಂದ!" ಎಂದು ಜನ ಕೂಗಿದರು. ಆಸ್ಥಾನದಲ್ಲಿ ಅವನು ಎಲ್ಲವನ್ನೂ ಹೇಳಿದ. ಬೆಲ್ಲ ಕಲಸಿದ್ದನ್ನೂ ಹೇಳಿದ. ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಅರಸ ಸಂಕವ್ವನನ್ನು ಕರೆಸಿದ. ಅವಳು ಚಿಪ್ಪು ತೆಗೆದು ಮಗನ ಕಿವಿಯ ಹಿಂದೆ ಒತ್ತಿದಳು. ಕಣ್ಣಿಗೆ ಕತ್ತಲೆ ಕವಿಯುವಂಥ ನೋವು. ಇಷ್ಟು ಮೆಲ್ಲಗೆ ಒತ್ತಿದರೇ ಹೀಗೆ, ಎಂದುಕೊಂಡ ಮಾಳಿಂಗ. ಮುಂದೆ ಯೋಚಿಸಲಾರದೆ ಹೋದ. ಬೆಳ್ಳನೆಯ ಹಾಲು ಬಂತು. ಅದನ್ನು ಒಣಗಿಸಿ ಎಳ್ಳಿನಷ್ಟು ಚಂದಲೆಯ ನಾಲಿಗೆಗಿಟ್ಟರು. ಅವಳ ಎದೆ ತನ್ನ ಬಡಿತಗಳನ್ನೆಲ್ಲ ಹಿಂದಕ್ಕೆ ಸೆಳೆದುಕೊಂಡಿತು. ಕಂಬದ ಮರೆಯಲ್ಲಿ ಅಡಗಿದ್ದ ಬಿರಡ ಕುಗ್ಗಿ ಕುಗ್ಗಿ ನೊಣವಾಗಿ ಹಾರಿದ. ಮಾಳಿಂಗನ ನಾಲಿಗೆ ತಾನಾಗಿ ಚಾಚಿ ಅವನನ್ನು ಹಿಡಿದು ನುಂಗಿತು. ಆಸ್ಥಾನವೆಲ್ಲ ನಕ್ಕಿತು. ಮಾಳಿಂಗ ಮುಖ ಮುಚ್ಚಿಕೊಂಡ. ಮುಚ್ಚಿದ ಕೈ ಮನುಷ್ಯನ ಕೈಯಾಗಿತ್ತು, ಚರ್ಮ ಕಳಚಿ ಕಾಲಡಿ ಬಿದ್ದಿತ್ತು. ತಾಯಿ ಮಗ ಅದನ್ನು ಮಣ್ಣು ಮಾಡಿದರು.

ಮನೆಯ ದಾರಿಯಲ್ಲಿ ಮಾಳಿಂಗ ಕೇಳಿದ: "ನಾನೇ ಅಂತ ಯಾಕೆ ಹೇಳಿದೆ, ಅವ್ವಾ?"

"ನೀನು ಹೇಳುತ್ತೀಯೇನೋ ಅಂತ ಒಂದು ಗಳಿಗೆ ಕಾದೆ ಕಣಪ್ಪ."

ಚಂದಲೆ ನೂರು ವರ್ಷ ಬಾಳಿದಳು. ಕಪ್ಪೆಗಳು ಮರಳಿ ಬಂದವು, ರಾಜ್ಯ ತಣ್ಣಗಿತ್ತು. ಅವ್ವ ಮಗ ಒಂದೇ ತಟ್ಟೆಯಲ್ಲಿ ಉಂಡು ಸುಖವಾಗಿದ್ದರು. ಆ ಒಂದು ಗಳಿಗೆಯ ಮಾತನ್ನು ಅವ್ವ ಮತ್ತೆಂದೂ ಎತ್ತಲಿಲ್ಲ; ಮಾಳಿಂಗ ಎಂದೂ ಮರೆಯಲಿಲ್ಲ.